ಏಡ್ಸ್ ಹಂತದ ರೋಗಿಯ ಎದೆಯ ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್: ತಾಲೂಕು ಆಸ್ಪತ್ರೆಯ ವೈದ್ಯರಿಗೊಂದು ಕೈಪಿಡಿ

ಎಚ್‌ಐವಿ ಸೋಂಕಿರುವವರ ಎದೆಯ ಎಕ್ಸ್‌ರೇಯನ್ನು ವ್ಯೂ ಬಾಕ್ಸಿಗೆ ಏರಿಸುವ ಮುನ್ನ ಎರಡು ಸಂಗತಿಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು: ಅವರ ಇತ್ತೀಚಿನ ಸಿಡಿ4 ಎಣಿಕೆ (ರಕ್ತದಲ್ಲಿನ ರಕ್ಷಕ ಕೋಶಗಳ ಲೆಕ್ಕ) ಎಷ್ಟಿದೆ, ಮತ್ತು ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳು ಯಾವ ದಿನದಿಂದ ಶುರುವಾಗಿವೆ. ಈ ಎರಡು ಉತ್ತರಗಳಿಲ್ಲದೆ ಫಿಲಂ ಓದಲು ಕುಳಿತರೆ ದಾರಿ ತಪ್ಪುವ ಸಾಧ್ಯತೆಯೇ ಹೆಚ್ಚು. ಸಿಡಿ4 ಎಣಿಕೆ 450 ಇರುವವರಿಗೆ ನಾಲ್ಕು ದಿನಗಳ ಜ್ವರವಿದ್ದು, ಬಲ ಶ್ವಾಸಕೋಶದ ಕೆಳಹಾಲೆಯಲ್ಲಿ ಬಿಳಿ ಮಚ್ಚೆ ಕಂಡರೆ ಅದು ಬಹುಮಟ್ಟಿಗೆ ಸಾಮಾನ್ಯ ಬ್ಯಾಕ್ಟೀರಿಯಾ ನ್ಯುಮೋನಿಯಾ ಆಗಿರುತ್ತದೆ. ಎಣಿಕೆ 60 ಇರುವವರಲ್ಲಿ ಅದೇ ಜಾಗದ ಅದೇ ಮಚ್ಚೆ ಕ್ಷಯವೂ ಆಗಿರಬಹುದು, ಶಿಲೀಂಧ್ರದ ಸೋಂಕೂ ಆಗಿರಬಹುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎಣಿಕೆ ತೀರಾ ಇಳಿದವರಲ್ಲಿ ಏನೂ ಕಾಣದ ಎಕ್ಸ್‌ರೇಯನ್ನು ರೋಗವಿಲ್ಲ ಎಂಬುದಕ್ಕೆ ಪುರಾವೆಯಾಗಿ ಎಂದೂ ಬಳಸಬಾರದು.

ನವಲಗುಂದ, ರೋಣ, ಶಿರಹಟ್ಟಿ, ಹಾನಗಲ್ಲ, ಸವಣೂರಿನಂಥ ತಾಲೂಕು ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಯಂತ್ರವಿದ್ದು, ಸಿಟಿ ಸ್ಕ್ಯಾನಿಗೆ ಹುಬ್ಬಳ್ಳಿ, ಧಾರವಾಡ, ಗದಗ ಅಥವಾ ಹಾವೇರಿಗೆ ಕಳಿಸಬೇಕಾದ ವೈದ್ಯರನ್ನೂ, ಫಿಲಂ ತೆಗೆಯುವ ತಂತ್ರಜ್ಞರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ರೋಗಿಯ ಮನೆಯವರೂ ಓದಬಹುದು. ಎಕ್ಸ್‌ರೇ ಚೆನ್ನಾಗಿದೆ ಎಂದ ಮೇಲೂ ಡಾಕ್ಟರು ಮತ್ತೊಂದು ಪರೀಕ್ಷೆ ಏಕೆ ಹೇಳಿದರು ಎಂಬುದು ಅವರಿಗೆ ತಿಳಿಯುತ್ತದೆ. ಆದರೆ ಇದನ್ನು ಓದಿ ಔಷಧಿಯನ್ನು ತಾವೇ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಕೂಡದು.

ಎಣಿಕೆಯ ಮೆಟ್ಟಿಲುಗಳು

ಸಿಡಿ4 ಎಂದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿರುವ ಒಂದು ಬಗೆಯ ರಕ್ಷಕ ಕೋಶಗಳ ಸಂಖ್ಯೆ. ಇದು ಎಷ್ಟೇ ಇದ್ದರೂ ಬರಬಹುದಾದ ಎರಡು ಕಾಯಿಲೆಗಳು ಬ್ಯಾಕ್ಟೀರಿಯಾ ನ್ಯುಮೋನಿಯಾ ಮತ್ತು ಕ್ಷಯ. ಎಣಿಕೆ 200ಕ್ಕಿಂತ ಕೆಳಗಿಳಿದಾಗ ನ್ಯುಮೋಸಿಸ್ಟಿಸ್ ನ್ಯುಮೋನಿಯಾ, ಅಂದರೆ ವಾರ್ಡುಗಳಲ್ಲಿ ಎಲ್ಲರೂ ಪಿಸಿಪಿ ಎಂದು ಕರೆಯುವ ಕಾಯಿಲೆ, ಪಟ್ಟಿಗೆ ಸೇರುತ್ತದೆ. ಕ್ಷಯವೂ ತನ್ನ ಎಂದಿನ ರೂಪ ಬಿಟ್ಟು ಮೈಯೆಲ್ಲ ಹರಡತೊಡಗುತ್ತದೆ. 100ರ ಕೆಳಗೆ ಕ್ರಿಪ್ಟೊಕಾಕಸ್ ಶಿಲೀಂಧ್ರವನ್ನೂ, 50ರ ಕೆಳಗೆ ಸೈಟೊಮೆಗಲೋವೈರಸ್ ಮತ್ತು ಕ್ಷಯೇತರ ಮೈಕೋಬ್ಯಾಕ್ಟೀರಿಯಾಗಳನ್ನೂ ನೆನೆಯಬೇಕು. ಎಣಿಕೆ ಇಳಿದಂತೆ ಹೊಸ ಕಾಯಿಲೆಗಳು ಸೇರುತ್ತವೆಯೇ ಹೊರತು ಹಳೆಯವು ಬಿಟ್ಟುಹೋಗುವುದಿಲ್ಲ. ಒಬ್ಬರಲ್ಲೇ ಎರಡು ಸೋಂಕುಗಳು ಒಟ್ಟಿಗೆ ಇರುವುದೂ ಈ ರೋಗಿಗಳಲ್ಲಿ ಅಪರೂಪವಲ್ಲ. ಆದ್ದರಿಂದ ಒಂದು ಉತ್ತರ ಸಿಕ್ಕ ಕೂಡಲೇ ಹುಡುಕಾಟ ಮುಗಿಯಿತೆಂದು ಭಾವಿಸಬಾರದು.

ರೋಗಿ ತಮ್ಮ ಎಆರ್‌ಟಿ ಪುಸ್ತಕ ತಂದಿದ್ದರೆ ಇದೆಲ್ಲ ಅದರಲ್ಲೇ ಸಿಗುತ್ತದೆ. ದಿನವೂ ಕೋಟ್ರೈಮಾಕ್ಸಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ; ತಪ್ಪದೆ ತೆಗೆದುಕೊಳ್ಳುವವರಲ್ಲಿ ಪಿಸಿಪಿಯ ಸಾಧ್ಯತೆ ಬಹಳ ಕಡಿಮೆ. ಪುಸ್ತಕವಿಲ್ಲದಿದ್ದರೆ ಬಾಯಿಯೊಳಗೆ ನೋಡಿ. ನಾಲಿಗೆ, ಅಂಗುಳಗಳ ಮೇಲೆ ಬಿಳಿ ಪದರ ಕಂಡರೆ ಎಣಿಕೆ ಇಳಿದಿದೆ ಎಂದೇ ಹಿಡಿದು ಮುಂದುವರಿಯಬೇಕು.

ಚರಿತ್ರೆ ಕೇಳುವಾಗ ಅವಧಿಗೆ ಒತ್ತು ಕೊಡಿ. ಎರಡು-ಮೂರು ದಿನಗಳಲ್ಲಿ ಚಳಿ ಜ್ವರ, ಎದೆನೋವು, ಬಣ್ಣದ ಕಫ ಎಂದರೆ ಬ್ಯಾಕ್ಟೀರಿಯಾ. ವಾರಗಟ್ಟಲೆ ಒಣ ಕೆಮ್ಮು ಇದ್ದು, "ಕುಂತಾಗ ಏನೂ ಇಲ್ರಿ, ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತಿ" ಎಂದು ಹೇಳುವವರಲ್ಲಿ ಪಿಸಿಪಿಯನ್ನು ಮೊದಲು ನೆನೆಯಬೇಕು. ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಬ್ಯಾಡಗಿ ಮಾರುಕಟ್ಟೆಯ ಹಮಾಲರು, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಹತ್ತಿ ಜಿನ್ನಿನಲ್ಲಿ ದುಡಿಯುವವರು ತಮ್ಮ ಕೆಮ್ಮನ್ನು ಘಾಟಿನ ಮೇಲೆ, ಧೂಳಿನ ಮೇಲೆ ಹಾಕಿ ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ, ಕೆಲವೊಮ್ಮೆ ನಾವೂ ಅದನ್ನೇ ನಂಬಿಬಿಡುತ್ತೇವೆ. ಎಚ್‌ಐವಿ ಇರುವವರಲ್ಲಿ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಈ ನಾಲ್ಕರಲ್ಲಿ ಯಾವುದಾದರೂ ಒಂದು ಇದ್ದರೂ ಸಾಕು, ಕ್ಷಯದ ಪರೀಕ್ಷೆ ಆಗಲೇಬೇಕು. ಎರಡು ವಾರ ಕಾಯುವ ಲೆಕ್ಕ ಇವರಿಗೆ ಅನ್ವಯಿಸುವುದಿಲ್ಲ.

ಫಿಲಂ ತೆಗೆಯುವಾಗ

ಪಿಸಿಪಿಯ ಆರಂಭದ ಮಸುಕು ಎಷ್ಟು ನವಿರಾಗಿರುತ್ತದೆ ಎಂದರೆ ಅರ್ಧ ಉಸಿರಿನಲ್ಲಿ ತೆಗೆದ ಫಿಲಂ ಅದನ್ನು ಇಲ್ಲದೆಯೂ ಹುಟ್ಟಿಸಬಲ್ಲದು, ಕಿರಣ ಹೆಚ್ಚಾದ ಫಿಲಂ ಇದ್ದದ್ದನ್ನೂ ಅಳಿಸಬಲ್ಲದು. ಆದ್ದರಿಂದ ರೋಗಿ ನಿಲ್ಲಬಲ್ಲರಾದರೆ ನಿಲ್ಲಿಸಿಯೇ, ಎದೆಯನ್ನು ಕ್ಯಾಸೆಟ್ಟಿಗೆ (ಫಿಲಂ ಇಡುವ ಚಪ್ಪಟೆ ಪೆಟ್ಟಿಗೆಗೆ) ಒತ್ತಿಸಿ, ಆರು ಅಡಿ ದೂರದಿಂದ, ಪೂರ್ತಿ ಉಸಿರು ಎಳೆದು ಹಿಡಿಸಿ ತೆಗೆಯಬೇಕು. ದಮ್ಮು ಇರುವವರಿಗೆ ಇದು ಕಷ್ಟ. ಗುಂಡಿ ಒತ್ತುವ ಮುಂಚೆ ಎರಡು ಸಲ ಅಭ್ಯಾಸ ಮಾಡಿಸಿದರೆ ಸಾಮಾನ್ಯವಾಗಿ ಸಾಧ್ಯವಾಗುತ್ತದೆ. ಮುಂಭಾಗದ ಆರನೆಯ ಪಕ್ಕೆಲುಬು ವಪೆಯ ಮೇಲೆ ಎಣಿಕೆಗೆ ಸಿಕ್ಕರೆ ಉಸಿರು ಸಾಕಾಗಿದೆ. ಎರಡೂ ಕ್ಲಾವಿಕಲ್ ಎಲುಬುಗಳ (ಕುತ್ತಿಗೆಯ ಬುಡದ ಎಲುಬುಗಳ) ಒಳತುದಿಗಳು ಬೆನ್ನೆಲುಬಿನ ನಡುಗೆರೆಯಿಂದ ಸಮದೂರದಲ್ಲಿದ್ದರೆ ಮೈ ತಿರುಗಿಲ್ಲ. ಹೃದಯದ ನೆರಳಿನ ಹಿಂದೆ ಬೆನ್ನೆಲುಬು ತುಸುವೇ ಕಾಣುವಂತಿದ್ದರೆ ಕಿರಣದ ಪ್ರಮಾಣ ಸರಿಯಾಗಿದೆ. ಹಾಸಿಗೆಯಲ್ಲೇ ತೆಗೆದ ಫಿಲಂ ಆಗಿದ್ದರೆ ಹಾಗೆಂದು ಅದರ ಮೇಲೆ ಬರೆಯಬೇಕು, ಏಕೆಂದರೆ ಅದರಲ್ಲಿ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ತಾಳಿ, ಬೋರಮಾಳ ಸರ, ತೋಳಿನ ತಾಯತಗಳನ್ನು ತೆಗೆಸುವುದು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಜಡೆ. ಬೆನ್ನ ಮೇಲೆ ಅಥವಾ ಹೆಗಲ ಮೇಲೆ ಬಿದ್ದ ಎಣ್ಣೆ ಹಚ್ಚಿದ ದಪ್ಪ ಜಡೆಯ ನೆರಳು ಶ್ವಾಸಕೋಶದ ಮೇಲ್ತುದಿಯಲ್ಲಿ ಕ್ಷಯದ ಮಚ್ಚೆಯನ್ನು ಹೋಲುತ್ತದೆ. ಆ ನೆರಳು ಕ್ಲಾವಿಕಲ್ ಎಲುಬನ್ನು ದಾಟಿ ಕುತ್ತಿಗೆಯವರೆಗೂ ಮುಂದುವರಿದಿದ್ದರೆ ಅದು ಶ್ವಾಸಕೋಶದೊಳಗಿನದಲ್ಲ ಎಂದು ತಿಳಿಯಬಹುದು. ಆದರೂ ಕೂದಲನ್ನು ನೆತ್ತಿಗೆ ಕಟ್ಟಿಸಿ ತೆಗೆಯುವುದೇ ಸುಲಭ.

ಎಕ್ಸ್‌ರೇ ಕೋಣೆಯಲ್ಲಿ ಎಚ್‌ಐವಿ ಹರಡುವುದಿಲ್ಲ. ಪ್ರತ್ಯೇಕ ಕ್ಯಾಸೆಟ್ ಬೇಡ, ಕೈಗವಸು ಬೇಡ, ಕೊನೆಯಲ್ಲಿ ಬನ್ನಿ ಎಂದು ಹೊರಗೆ ಕೂಡಿಸುವುದಂತೂ ಬೇಡವೇ ಬೇಡ. ಹರಡಬಹುದಾದದ್ದು ಕ್ಷಯ, ಅದಕ್ಕೆ ಬೇಕಾದದ್ದು ಕೆಮ್ಮುವ ಯಾರೇ ಆಗಲಿ ಅವರಿಗೊಂದು ಮಾಸ್ಕ್ ಮತ್ತು ತೆರೆದ ಕಿಟಕಿ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ರೋಗಿಗಳ ಗೋಪ್ಯತೆಯನ್ನೂ, ತಾರತಮ್ಯವಿಲ್ಲದ ಚಿಕಿತ್ಸೆಯನ್ನೂ ಕಾನೂನಿನ ಹಕ್ಕಾಗಿಸಿದೆ. ಫಿಲಂ ಮೇಲೆ, ಲಕೋಟೆಯ ಮೇಲೆ, ಸರತಿಯ ಚೀಟಿಯ ಮೇಲೆ ಸೋಂಕಿನ ವಿಚಾರ ಬರೆಯಬಾರದು. ಹಾಗೆಂದು ವರದಿ ಬರೆಯುವ ರೇಡಿಯಾಲಜಿ ವೈದ್ಯರಿಂದ ಅದನ್ನು ಮುಚ್ಚಿಟ್ಟರೆ ರೋಗಿಗೇ ನಷ್ಟ. ಚಿಕಿತ್ಸೆಗೆ ಅಗತ್ಯವಿದ್ದಷ್ಟು ಮಾಹಿತಿಯನ್ನು ಚಿಕಿತ್ಸೆಯಲ್ಲಿ ಪಾಲುಗೊಂಡ ವೈದ್ಯರಿಗೆ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಮುಚ್ಚಿದ ಲಕೋಟೆಯಲ್ಲಿ ವೈದ್ಯರ ಹೆಸರಿಗೆ ಪತ್ರ ಬರೆಯುವುದು ಅಥವಾ ಫೋನ್ ಮಾಡುವುದು ಸರಿಯಾದ ದಾರಿ.

ಫಿಲಂನ ಫೋಟೊ ತೆಗೆದು ವಾಟ್ಸ್ಯಾಪ್‌ನಲ್ಲಿ ಹಿರಿಯರಿಗೆ ಕಳಿಸುವ ರೂಢಿ ಎಲ್ಲೆಡೆ ಇದೆ. ಸಹಾಯವಾಗುವುದು ನಿಜ, ಆದರೆ ಸಣ್ಣ ಚುಕ್ಕೆಗಳು ಮತ್ತು ತೆಳು ಮಸುಕು, ಅಂದರೆ ಈ ರೋಗಿಗಳಲ್ಲಿ ನಾವು ಹುಡುಕುವ ಎರಡೂ ಚಿಹ್ನೆಗಳು, ಅಂಥ ಫೋಟೊದಲ್ಲಿ ಮೊದಲು ಮಾಯವಾಗುತ್ತವೆ. ಕಳಿಸಲೇಬೇಕಾದರೆ ಕೋಣೆಯ ದೀಪವನ್ನೂ ಫೋನಿನ ಫ್ಲ್ಯಾಶನ್ನೂ ಆರಿಸಿ, ಹೆಸರಿನ ಪಟ್ಟಿಯನ್ನು ಮುಚ್ಚಿ, ಪೂರ್ತಿ ಫಿಲಂನದೊಂದು, ಸಂಶಯದ ಜಾಗದ್ದೊಂದು ಹೀಗೆ ಎರಡು ಚಿತ್ರ ತೆಗೆಯಿರಿ. ಅದಕ್ಕೆ ಬಂದ "ನಾರ್ಮಲ್" ಎಂಬ ಉತ್ತರವನ್ನು ಕೊನೆಯ ಮಾತೆಂದು ತಿಳಿಯಬೇಡಿ.

ಕ್ಷಯ ವೇಷ ಬದಲಿಸುವ ಬಗೆ

ಪಠ್ಯಪುಸ್ತಕದ ಕ್ಷಯ ಮೇಲಿನ ಹಾಲೆಯಲ್ಲಿರುತ್ತದೆ, ಅಲ್ಲಿ ಕುಳಿ ಬೀಳುತ್ತದೆ. ಕುಳಿ ಬೀಳುವುದಕ್ಕೂ ದೇಹದ ಪ್ರತಿರೋಧವೇ ಬೇಕು: ರಕ್ಷಕ ಕೋಶಗಳು ರೋಗಾಣುಗಳ ಮೇಲೆ ಬಿದ್ದು ಕಾದಾಡಿದಾಗಲೇ ಅಂಗಾಂಶ ಕರಗಿ ಟೊಳ್ಳಾಗುವುದು. ಸಿಡಿ4 ಕೋಶಗಳೇ ಇಲ್ಲವಾದಾಗ ಆ ಕಾದಾಟ ನಡೆಯುವುದಿಲ್ಲ, ಕುಳಿಯೂ ಬೀಳುವುದಿಲ್ಲ. ಆಗ ಕ್ಷಯ ನಡುವಿನ ಅಥವಾ ಕೆಳಗಿನ ಹಾಲೆಯಲ್ಲಿ ಸಾಮಾನ್ಯ ನ್ಯುಮೋನಿಯಾದಂತೆ ಕುಳಿತಿರುತ್ತದೆ, ಇಲ್ಲವೇ ಎದೆಯ ನಡುಭಾಗದ ದುಗ್ಧಗ್ರಂಥಿಗಳನ್ನು ಊದಿಸುತ್ತದೆ, ಇಲ್ಲವೇ ಶ್ವಾಸಕೋಶದ ಹೊರಪೊರೆಯಾದ ಪ್ಲೂರಾದಲ್ಲಿ ನೀರು ತುಂಬುತ್ತದೆ, ಇಲ್ಲವೇ ರಕ್ತದ ಮೂಲಕ ಹರಡಿ ಎರಡೂ ಶ್ವಾಸಕೋಶಗಳಲ್ಲಿ ನವಣೆ ಕಾಳು ಚೆಲ್ಲಿದಂತೆ ಒಂದರಿಂದ ಮೂರು ಮಿಲಿಮೀಟರಿನ ಚುಕ್ಕೆಗಳಾಗಿ ಕಾಣುತ್ತದೆ. ಕಫದಲ್ಲಿ ರೋಗಾಣು ಸಿಕ್ಕೂ ಎಕ್ಸ್‌ರೇಯಲ್ಲಿ ಏನೂ ಕಾಣದವರು ಈ ಗುಂಪಿನಲ್ಲಿದ್ದಾರೆ ಎಂಬುದನ್ನು ಮರೆಯಬಾರದು.

ಗ್ರಂಥಿಗಳನ್ನು ಹುಡುಕುವ ಜಾಗ ಶ್ವಾಸನಾಳದ ಬಲಗಡೆಯ ಅಂಚು. ಅಲ್ಲಿ ಸಹಜವಾಗಿ ನಾಲ್ಕು ಮಿಲಿಮೀಟರಿಗಿಂತ ತೆಳುವಾದ ಒಂದು ಗೆರೆಯಿರುತ್ತದೆ. ಅದು ದಪ್ಪಗಾಗಿ ಹೊರಕ್ಕೆ ಉಬ್ಬಿದ್ದರೆ ಗ್ರಂಥಿ ಊದಿದೆ. ಎರಡೂ ಹೈಲಮ್‌ಗಳ, ಅಂದರೆ ಶ್ವಾಸಕೋಶದೊಳಕ್ಕೆ ನಾಳಗಳು ಹೋಗುವ ಜಾಗಗಳ, ಗಾತ್ರವನ್ನು ಹೋಲಿಸಿ. ಆಮೇಲೆ ಕಣ್ಣು ತಪ್ಪಿಸುವ ಜಾಗಗಳಿಗೆ ಬೇಕೆಂದೇ ಹೋಗಿ: ಕ್ಲಾವಿಕಲ್ ಎಲುಬಿನ ಹಿಂದಿನ ಮೇಲ್ತುದಿ, ಹೃದಯದ ಹಿಂಬದಿ, ವಪೆಯ ಕಮಾನಿನ ಕೆಳಗೆ ಇಳಿದಿರುವ ಶ್ವಾಸಕೋಶದ ಹಿಂಭಾಗ. ಹೃದಯದ ನೆರಳು ಎಲ್ಲ ಕಡೆಯೂ ದುಂಡಗೆ ಹಿಗ್ಗಿದ್ದರೆ ಅದರ ಸುತ್ತ ನೀರು ತುಂಬಿರಬಹುದು, ಮತ್ತು ನಮ್ಮಲ್ಲಿ ಅದಕ್ಕೆ ದೊಡ್ಡ ಕಾರಣ ಕ್ಷಯವೇ. ಹಳೆಯ ಫಿಲಂ ಮನೆಯಲ್ಲಿದ್ದರೆ ತರಿಸಿಕೊಳ್ಳಿ. ವರ್ಷದ ಹಿಂದೆಯೂ ಹಾಗೇ ಇದ್ದ ಕಲೆ ಬಹುತೇಕ ವಾಸಿಯಾದ ಗಾಯದ ಗುರುತು.

ಎಕ್ಸ್‌ರೇ ಏನೇ ಹೇಳಲಿ, ಕಫವನ್ನು ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಗೆ ಕಳಿಸಲೇಬೇಕು. ಚಿತ್ರ ಬರಿಯ ಅನುಮಾನವನ್ನು ಕೊಡುತ್ತದೆ. ರೋಗಾಣುವನ್ನೂ, ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ತೋರಿಸುವುದು ಆ ಪರೀಕ್ಷೆ. ಕಫ ಬಾರದವರಲ್ಲಿ, ಎಣಿಕೆ ತೀರಾ ಇಳಿದಿದ್ದರೆ, ಮೂತ್ರದ ಲ್ಯಾಮ್ ಪಟ್ಟಿ ಪರೀಕ್ಷೆ ಲಭ್ಯವಿದ್ದಲ್ಲಿ ಅರ್ಧ ಗಂಟೆಯೊಳಗೆ ಉತ್ತರ ಕೊಡುತ್ತದೆ.

ಅಲ್ಟ್ರಾಸೌಂಡನ್ನು ಎದೆಗೆ ಬಳಸುವವರು ಇನ್ನೂ ಕಡಿಮೆ. ಇದು ನನಗೆ ಬೇಸರದ ವಿಷಯ, ಏಕೆಂದರೆ ಕಿರಣವಿಲ್ಲದ, ಹಾಸಿಗೆಯ ಬಳಿಯೇ ಮುಗಿಯುವ ಈ ಪರೀಕ್ಷೆ ಹತ್ತು ನಿಮಿಷಗಳಲ್ಲಿ ಬಹಳಷ್ಟು ಹೇಳುತ್ತದೆ. ನಿಂತು ತೆಗೆದ ಎಕ್ಸ್‌ರೇಯಲ್ಲಿ ಪಕ್ಕೆಯ ಮೂಲೆ ಮುಚ್ಚಬೇಕಾದರೆ ಸುಮಾರು 200 ಮಿಲಿಲೀಟರ್ ನೀರು ಸೇರಿರಬೇಕು. ಅಲ್ಟ್ರಾಸೌಂಡ್ ಅದಕ್ಕಿಂತ ಎಷ್ಟೋ ಕಡಿಮೆ ನೀರನ್ನು ತೋರಿಸುತ್ತದೆ. ಅದೇ ಕೂತಲ್ಲಿ ಹೃದಯದ ಸುತ್ತ, ಗುಲ್ಮದೊಳಗೆ, ಹೊಟ್ಟೆಯ ಮಹಾಧಮನಿಯ ಪಕ್ಕ ಪ್ರೋಬ್ ಹಿಡಿಯಬೇಕು. ಗುಲ್ಮದಲ್ಲಿ ಸಣ್ಣ ಕಪ್ಪು ಚುಕ್ಕೆಗಳು, ಹೊಟ್ಟೆಯಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡ ಗ್ರಂಥಿಗಳು, ಹೃದಯದ ಸುತ್ತ ನೀರು, ಇವುಗಳಲ್ಲಿ ಯಾವುದಾದರೂ ಕಂಡರೆ ಎದೆಯ ಎಕ್ಸ್‌ರೇ ಸ್ವಚ್ಛವಿದ್ದರೂ ಹರಡಿದ ಕ್ಷಯದ ಅನುಮಾನ ಬಲವಾಗುತ್ತದೆ.

ಪಿಸಿಪಿ: ಕಾಣದಿರುವುದನ್ನು ಹುಡುಕುವುದು

ಇದರ ಮಾದರಿ ಚಿತ್ರದಲ್ಲಿ ಎರಡೂ ಹೈಲಮ್‌ಗಳ ಸುತ್ತಲಿನಿಂದ ಹೊರಕ್ಕೆ ಹರಡಿದ, ಎರಡೂ ಕಡೆ ಸಮನಾದ ನವಿರು ಮಸುಕು ಇರುತ್ತದೆ. ಪ್ಲೂರಾದ ನೀರು, ಊದಿದ ಗ್ರಂಥಿ ಇದರಲ್ಲಿ ಅಪರೂಪ. ಅವು ಕಂಡರೆ ಬೇರೆ ಅಥವಾ ಜೊತೆಗಿನ ಕಾಯಿಲೆಯನ್ನು ಹುಡುಕಬೇಕು. ಶುರುವಿನಲ್ಲಿ ಬಂದ ಪಿಸಿಪಿ ರೋಗಿಗಳಲ್ಲಿ ಕನಿಷ್ಠ ಶೇ. 10ರಷ್ಟು ಮಂದಿಯ ಎಕ್ಸ್‌ರೇ ಸಹಜವಾಗಿಯೇ ಇರುತ್ತದೆ. ಅಂಥವರನ್ನು ಹಿಡಿಯುವ ಸಾಧನ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್. ಕುಳಿತಾಗಿನ ಅಂಕೆ ನೋಡಿ, ಕೈಹಿಡಿದು ವಾರ್ಡಿನಲ್ಲಿ ಒಂದೆರಡು ನಿಮಿಷ ನಡೆಸಿ, ಮತ್ತೆ ನೋಡಿ. 96 ಇದ್ದದ್ದು 90ಕ್ಕೆ ಇಳಿದರೆ, ಫಿಲಂ ಎಷ್ಟೇ ಸ್ವಚ್ಛವಾಗಿರಲಿ, ಆ ರೋಗಿಯನ್ನು ಮನೆಗೆ ಕಳಿಸಬಾರದು. ಕುಳಿತಾಗಲೇ ಅಂಕೆ ಕಡಿಮೆ ಇರುವವರನ್ನು ನಡೆಸುವ ಅಗತ್ಯವೂ ಇಲ್ಲ, ಅದು ಸುರಕ್ಷಿತವೂ ಅಲ್ಲ.

ಇಲ್ಲಿಯೇ ಸಿಟಿ ಸ್ಕ್ಯಾನಿನ ನಿಜವಾದ ಉಪಯೋಗ. ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಪದರಗಳಲ್ಲಿ ತೆಗೆಯುವ ಎಚ್‌ಆರ್‌ಸಿಟಿಯಲ್ಲಿ ಪಿಸಿಪಿ ಗ್ರೌಂಡ್ ಗ್ಲಾಸ್ (ಉಜ್ಜಿದ ಗಾಜಿನಂಥ) ಮಸುಕಾಗಿ ಕಾಣುತ್ತದೆ. ಅದನ್ನು ಗುರುತಿಸುವ ಬಗೆ ಸರಳ: ಮಸುಕಿನೊಳಗೂ ರಕ್ತನಾಳಗಳ ಗೆರೆಗಳು ಉಳಿದಿದ್ದರೆ ಗ್ರೌಂಡ್ ಗ್ಲಾಸ್, ಗೆರೆಗಳು ಅಳಿಸಿಹೋಗಿದ್ದರೆ ಗಟ್ಟಿಯಾದ ನ್ಯುಮೋನಿಯಾ. ಕೆಲವರಲ್ಲಿ ಮೇಲಿನ ಹಾಲೆಗಳಲ್ಲಿ ತೆಳುಗೋಡೆಯ ಗುಳ್ಳೆಗಳಿರುತ್ತವೆ. ಅವು ಒಡೆದರೆ ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿಯುತ್ತದೆ. ಆದ್ದರಿಂದ ಪಿಸಿಪಿ ಇರುವವರಿಗೆ ದಮ್ಮು ಒಮ್ಮೆಲೇ ಏರಿದರೆ ತಡಮಾಡದೆ ಎಕ್ಸ್‌ರೇ ಮತ್ತೆ ತೆಗೆಯಬೇಕು. ಎಚ್‌ಆರ್‌ಸಿಟಿ ಪೂರ್ತಿ ಸಹಜವಾಗಿದ್ದರೆ ಪಿಸಿಪಿ ಇಲ್ಲವೆಂದು ಬಹುತೇಕ ಧೈರ್ಯವಾಗಿ ಹೇಳಬಹುದು. ಗ್ರೌಂಡ್ ಗ್ಲಾಸ್ ಇದ್ದ ಮಾತ್ರಕ್ಕೆ ಪಿಸಿಪಿಯೇ ಎಂದು ಹೇಳಲಾಗದು. ಸೈಟೊಮೆಗಲೋವೈರಸ್, ಕೋವಿಡ್, ಹೃದಯದ ವೈಫಲ್ಯದಿಂದ ಕಟ್ಟಿದ ನೀರು ಕೂಡ ಹಾಗೆಯೇ ಕಾಣುತ್ತವೆ. ಪೂರ್ತಿ ಉಸಿರು ಹಿಡಿಯದೆ ತೆಗೆದ ಸಿಟಿಯಲ್ಲೂ ಸುಳ್ಳು ಮಸುಕು ಬರುತ್ತದೆ.

ಸಿಟಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬಾರದು. ಉಸಿರಾಟ ನಿಮಿಷಕ್ಕೆ 30 ಮುಟ್ಟಿದ, ನಾಡಿ 120 ದಾಟಿದ ಅಥವಾ ಆಸರೆಯಿಲ್ಲದೆ ನಡೆಯಲಾರದ ರೋಗಿಯನ್ನು ಆಮ್ಲಜನಕ ಹಚ್ಚಿ, ಪಿಸಿಪಿಯ ಅನುಮಾನವಿದ್ದರೆ ಕೋಟ್ರೈಮಾಕ್ಸಜೋಲ್ ಶುರು ಮಾಡಿ, 108 ಆಂಬುಲೆನ್ಸಿನಲ್ಲಿ ಕಳಿಸಬೇಕು. ಔಷಧಿ ಶುರು ಮಾಡಿದರೆ ಆಮೇಲೆ ರೋಗಾಣು ಸಿಗುವುದಿಲ್ಲ ಎಂಬ ಹಿಂಜರಿಕೆ ಬೇಡ; ಚಿಕಿತ್ಸೆ ಶುರುವಾಗಿ ಹಲವು ದಿನಗಳಾದ ಮೇಲೂ ಶ್ವಾಸನಾಳ ತೊಳೆದ ನೀರಿನಲ್ಲಿ ನ್ಯುಮೋಸಿಸ್ಟಿಸ್ ಪತ್ತೆಯಾಗುತ್ತದೆ.

ಉಳಿದ ಕಾಯಿಲೆಗಳು

ಕ್ರಿಪ್ಟೊಕಾಕಸ್ ಗಂಟುಗಳಾಗಿಯೋ ಮಚ್ಚೆಗಳಾಗಿಯೋ ಕಾಣಬಹುದು. ರಕ್ತದ ಆಂಟಿಜೆನ್ ಪರೀಕ್ಷೆ ಅದನ್ನು ಹೇಳುತ್ತದೆ, ತಲೆನೋವಿದ್ದರೆ ಮೆದುಳಿನ ಪೊರೆಯ ಕಡೆಗೂ ಗಮನ ಹೋಗಬೇಕು. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ದೊಡ್ಡ ಗಂಟು, ಗ್ರಂಥಿ, ನೀರು ಯಾವ ರೂಪದಲ್ಲೂ ಬರಬಹುದು, ಮತ್ತು ಪೆಟ್ ಸ್ಕ್ಯಾನಿನಲ್ಲಿ ಕ್ಷಯವೂ ಲಿಂಫೋಮಾವೂ ಒಂದೇ ರೀತಿ ಬೆಳಗುವುದರಿಂದ ಬಯಾಪ್ಸಿ ತಪ್ಪುವುದಿಲ್ಲ. ಕಪೋಸಿ ಸಾರ್ಕೋಮಾ ಎಂಬ ಇನ್ನೊಂದು ಕ್ಯಾನ್ಸರ್ ನಮ್ಮ ದೇಶದಲ್ಲಿ ಬಹಳ ಅಪರೂಪ. ಮಕ್ಕಳಲ್ಲಿ ಎರಡೂ ಕಡೆ ಸಣ್ಣ ಚುಕ್ಕೆಗಳಿದ್ದೂ ಮಗು ಲವಲವಿಕೆಯಿಂದಿದ್ದರೆ ಲಿಂಫಾಯ್ಡ್ ಇಂಟರ್‌ಸ್ಟಿಷಿಯಲ್ ನ್ಯುಮೋನಿಯಾ ಆಗಿರಬಹುದು, ಆದರೆ ಮೊದಲು ಕ್ಷಯವಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಸಿಟಿಗೆ ಬರೆಯುವ ಚೀಟಿ

"ಸಿಟಿ ಚೆಸ್ಟ್" ಎಂದಷ್ಟೇ ಬರೆದ ಚೀಟಿಯಿಂದ ಉಪಯೋಗ ಕಡಿಮೆ. ಮಸುಕು ಅಥವಾ ಚುಕ್ಕೆಗಳ ಪ್ರಶ್ನೆಯಾದರೆ ಎಚ್‌ಆರ್‌ಸಿಟಿ ಸಾಕು, ಚುಚ್ಚುಮದ್ದಿನ ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳಗುವ ದ್ರವ) ಬೇಕಿಲ್ಲ. ಗ್ರಂಥಿ, ಗಂಟು, ಪ್ಲೂರಾದ ಕೀವಿನ ಪ್ರಶ್ನೆಯಾದರೆ ಕಾಂಟ್ರಾಸ್ಟ್ ಬೇಕು. ನಡುವೆ ಕಪ್ಪಾಗಿ, ಅಂಚು ಮಾತ್ರ ಬೆಳಗುವ ಗ್ರಂಥಿ ಕ್ಷಯದ ಕಡೆಗೆ ಬೆರಳು ತೋರಿಸುತ್ತದೆ. ಈಗ ಹೆಚ್ಚಿನ ರೋಗಿಗಳ ಎಆರ್‌ಟಿಯಲ್ಲಿ ಟೆನೊಫೊವಿರ್ ಇರುತ್ತದೆ, ಅದು ಕೆಲವರ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದಾದ್ದರಿಂದ ಕಾಂಟ್ರಾಸ್ಟ್‌ಗೆ ಮುನ್ನ ಕ್ರಿಯಾಟಿನಿನ್ ನೋಡಿರಬೇಕು. ಹಾವೇರಿಯಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋದ ರೋಗಿ ಕ್ರಿಯಾಟಿನಿನ್ ವರದಿಯಿಲ್ಲವೆಂದು ಮರುದಿನ ಬರಬೇಕಾದರೆ ಅವರ ಮತ್ತು ಜೊತೆಗೆ ಬಂದವರ ಎರಡು ದಿನಗಳ ಪಗಾರ ಹೋಗುತ್ತದೆ. ಆ ರಕ್ತವನ್ನು ನೀವೇ ತೆಗೆದು ವರದಿಯೊಡನೆ ಕಳಿಸಿ. ಹೆಣ್ಣುಮಕ್ಕಳಲ್ಲಿ ಗರ್ಭದ ಬಗ್ಗೆ ಕೇಳಿ. ಎದೆಯ ಒಂದು ಸಿಟಿಯ ಕಿರಣ ಹತ್ತಾರು ಎಕ್ಸ್‌ರೇಗಳಿಗೆ ಸಮವಾದ್ದರಿಂದ, ಉತ್ತರ ಬದಲಾಗದಿದ್ದಲ್ಲಿ ಅದನ್ನು ಬರೆಯಬಾರದು. ಕಫದಲ್ಲಿ ಕ್ಷಯ ಖಚಿತವಾಗಿ, ಔಷಧಿಗೆ ಜ್ವರ ಇಳಿಯುತ್ತಿರುವವರಿಗೆ ಸಿಟಿ ಬೇಕಾಗಿಲ್ಲ.

ಚೀಟಿಯ ಜೊತೆಗಿನ ಮುಚ್ಚಿದ ಲಕೋಟೆಯ ಪತ್ರ ಹೀಗಿದ್ದರೆ ಸಾಕು: "ವಯಸ್ಸು 38. ಸಿಡಿ4 74, ಹದಿನೈದು ದಿನಗಳ ಹಿಂದಿನದು. ಎಆರ್‌ಟಿ ಇನ್ನೂ ಶುರುವಾಗಿಲ್ಲ. ಮೂರು ವಾರದಿಂದ ಒಣ ಕೆಮ್ಮು, ನಡೆದರೆ ದಮ್ಮು. ಆಮ್ಲಜನಕ ಕುಳಿತಾಗ 95, ನಡೆದಾಗ 89. ಎಕ್ಸ್‌ರೇ ಸಹಜ. ಕಫ ಸಿಬಿನಾಟ್‌ಗೆ ಹೋಗಿದೆ. ಪ್ರಶ್ನೆ: ಪಿಸಿಪಿ ಇದೆಯೇ, ಸಣ್ಣ ಚುಕ್ಕೆಗಳಿವೆಯೇ?" ಕೊನೆಯ ಸಾಲಿನ ಪ್ರಶ್ನೆಯೇ ವರದಿಯ ಗುಣಮಟ್ಟವನ್ನು ನಿರ್ಧರಿಸುತ್ತದೆ.

ಮತ್ತೆ ಯಾವಾಗ ತೆಗೆಯಬೇಕು

ಪಿಸಿಪಿಯಲ್ಲಿ ಚಿಕಿತ್ಸೆಯ ಮೊದಲ ಮೂರರಿಂದ ಐದು ದಿನಗಳಲ್ಲಿ ರೋಗಿಯೂ ಫಿಲಂ ಕೂಡ ತುಸು ಕೆಡುವುದುಂಟು. ಅಷ್ಟಕ್ಕೇ ಔಷಧಿ ಸೋತಿತೆಂದು ತೀರ್ಮಾನಿಸಬಾರದು. ಬ್ಯಾಕ್ಟೀರಿಯಾ ನ್ಯುಮೋನಿಯಾದ ಮಚ್ಚೆ ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಉಳಿಯುತ್ತದೆ, ಆದ್ದರಿಂದ ಚೇತರಿಸಿಕೊಳ್ಳುತ್ತಿರುವವರಲ್ಲಿ ಆರು ವಾರಗಳ ನಂತರ ಒಮ್ಮೆ ನೋಡಿದರೆ ಸಾಕು. ಆಗಲೂ ಮಚ್ಚೆ ಹಾಗೇ ಇದ್ದರೆ ಕ್ಷಯವನ್ನೋ ಗಂಟನ್ನೋ ಹುಡುಕಬೇಕು.

ಆರಂಭದಲ್ಲಿ ಎಆರ್‌ಟಿಯ ತಾರೀಖು ಕೇಳಲು ಹೇಳಿದ್ದಕ್ಕೆ ಕಾರಣ ಇದು. ಮಾತ್ರೆ ಶುರುವಾದ ಮೊದಲ ಮೂರು ತಿಂಗಳಲ್ಲಿ ರಕ್ಷಕ ಕೋಶಗಳು ಮರಳಿ ಬರತೊಡಗಿದಾಗ, ಅಡಗಿದ್ದ ಅಥವಾ ಚಿಕಿತ್ಸೆಯಲ್ಲಿದ್ದ ಕ್ಷಯದ ವಿರುದ್ಧ ದೇಹ ಒಮ್ಮೆಲೇ ಕೆರಳುತ್ತದೆ. ಗ್ರಂಥಿಗಳು ದೊಡ್ಡದಾಗುತ್ತವೆ, ಹೊಸ ಮಚ್ಚೆ ಬರುತ್ತದೆ, ನೀರು ತುಂಬುತ್ತದೆ, ಜ್ವರ ಮರುಕಳಿಸುತ್ತದೆ. ಇದನ್ನು ಐರಿಸ್ ಎನ್ನುತ್ತಾರೆ. ಫಿಲಂ ಮಾತ್ರ ನೋಡಿದವರು ಔಷಧಿ ಸೋತಿದೆ ಎಂದೇ ಬರೆಯುತ್ತಾರೆ. ರೋಗಿ ಹೆದರಿ ಎಆರ್‌ಟಿ ಬಿಟ್ಟುಬಿಡುತ್ತಾರೆ. ಮಾತ್ರೆ ತಪ್ಪಿಲ್ಲವೆಂದು, ಕ್ಷಯದ ರೋಗಾಣು ಔಷಧಿಗೆ ಬಗ್ಗುವಂಥದ್ದೆಂದು, ಹೊಸ ಸೋಂಕು ಸೇರಿಲ್ಲವೆಂದು ನೋಡಿಕೊಂಡ ಮೇಲೆ ಎರಡೂ ಚಿಕಿತ್ಸೆಗಳನ್ನು ಮುಂದುವರಿಸುವುದೇ ಸಾಮಾನ್ಯ ಕ್ರಮ, ತೀವ್ರವಾಗಿದ್ದರೆ ಎಆರ್‌ಟಿ ಕೇಂದ್ರದ ವೈದ್ಯರು ಸ್ಟೆರಾಯ್ಡ್ ಸೇರಿಸುತ್ತಾರೆ. ಎಆರ್‌ಟಿ ಶುರುವಾಗುವ ದಿನವೇ ಒಂದು ಎಕ್ಸ್‌ರೇ ತೆಗೆದು, ತಾರೀಖು ಬರೆದು, ಫಿಲಂ ಅನ್ನು ರೋಗಿಯ ಕೈಯಲ್ಲೇ ಕೊಟ್ಟಿಟ್ಟಿದ್ದರೆ ಎರಡು ತಿಂಗಳ ನಂತರ ಅದರ ಪಕ್ಕದಲ್ಲಿ ಹೊಸದನ್ನು ಏರಿಸಿ ನೋಡಲು ಸಾಧ್ಯವಾಗುತ್ತದೆ.